ಸೋದರಮಾವನ ಎಡಗಾಲು

ಹುಣಸೆ ಬೀಜ ಬಲು ಸಣ್ಣ ವಸ್ತು. ಮಕ್ಕಳು ಅದನ್ನು ಸೀಳಿ ಚೌಕಾಬಾರ ಆಡುತ್ತಾರೆ, ಹಲ್ಲು ಗಟ್ಟಿಯಿದ್ದವರು ಹುರಿದು ತಿನ್ನುತ್ತಾರೆ. ಹಿಂದೂಪುರದ ಹುಣಸೆ ಮಂಡಿಯಲ್ಲಿ ಗುಮಾಸ್ತನಾಗಿರುವ ತಿರುಮಲೇಶ್ ಮಾತ್ರ ಅದರ ಮೇಲೆ ಕಾಲಿಟ್ಟು ಜಾರಿದ. ಮೂಟೆಗಳ ನಡುವೆ ತಾನೂ ಒಂದು ಮೂಟೆಯಂತೆ ಬಿದ್ದು ಎಡಗಾಲಿನ ಹರಡು ಉಳುಕಿಸಿಕೊಂಡ.

ಬೇರೆಯವರಾಗಿದ್ದರೆ ಉಪ್ಪು ಹುಣಸೆಹಣ್ಣಿನ ಪಟ್ಟು ಹಾಕಿಕೊಂಡು, ನೋಡಲು ಬಂದವರಿಗೆಲ್ಲ ಕಾಲು ತೋರಿಸಿ ನಾಲ್ಕು ದಿನ ಸುಖವಾಗಿ ಮಲಗಿರುತ್ತಿದ್ದರು. ತಿರುಮಲೇಶನಿಗೆ ಆ ಭಾಗ್ಯ ಇರಲಿಲ್ಲ. ಕಲ್ಯಾಣದುರ್ಗದಲ್ಲಿದ್ದ ಅವನ ಅಕ್ಕ ಶಿವಲಕ್ಷ್ಮಮ್ಮನ ಕಿರಿಮಗಳು ತ್ರಿವೇಣಿಗೆ ಎರಡು ತಿಂಗಳಲ್ಲಿ ಮದುವೆ. ಅವರ ಮನೆತನದಲ್ಲಿ ಮದುವಣಗಿತ್ತಿಯ ಕಾಲು ನೆಲಕ್ಕೆ ತಾಗುವಂತಿಲ್ಲ. ಸೋದರಮಾವ ಅವಳನ್ನು ಎತ್ತಿಕೊಂಡೇ ಮಂಟಪಕ್ಕೆ ತರಬೇಕು.

ಅಕ್ಕನ ಹಿರಿಮಗಳ ಮದುವೆಯಲ್ಲಿ ತಿರುಮಲೇಶನಿಗೆ ಕಾಮಾಲೆಯಾಗಿತ್ತು. ಆಗ ಎತ್ತಿದವನು ಅವನ ಚಿಕ್ಕಪ್ಪನ ಮಗ ಜಯಚಂದ್ರ. ಜಯಚಂದ್ರನಿಗೆ ಎರಡು ಜೆಸಿಬಿಗಳಿದ್ದವು, ಎತ್ತುವುದು ಅವನಿಗೆ ವೃತ್ತಿ. ಆ ಫೋಟೋವನ್ನು ದೊಡ್ಡದು ಮಾಡಿಸಿ ಅಕ್ಕ ನಡುಮನೆಯಲ್ಲಿ ತೂಗುಹಾಕಿದ್ದಳು. ಅದೂ ತಿರುಮಲೇಶ್ ಹೋದಾಗಲೆಲ್ಲ ಕೂರುವ ಕುರ್ಚಿಯ ಎದುರಿಗೆ. ಆ ಮನೆಯ ಕಾಫಿ ಅವನಿಗೆ ಅಂದಿನಿಂದ ರುಚಿಸಿರಲಿಲ್ಲ.

ಅವತ್ತು ಇನ್ನೂ ಲಂಗ ಉಡುತ್ತಿದ್ದ ತ್ರಿವೇಣಿ, ಹಾಸಿಗೆಯಲ್ಲಿ ಹಳದಿಯಾಗಿ ಬಿದ್ದಿದ್ದ ಅವನ ಬಳಿಗೆ ಒಂದು ಲಾಡು ಹಿಡಿದು ಬಂದಿದ್ದಳು. "ನನ್ನ ಮದ್ವೇಲಿ ನೀನೇ ಎತ್ಬೇಕು ಮಾವ. ಜಯಚಂದ್ರ ಮಾವ ಬ್ಯಾಡ, ಅವನು ಚಿವುಟಿದಂಗೆ ಹಿಡೀತಾನೆ" ಎಂದಿದ್ದಳು. ತಿರುಮಲೇಶ್ ಮಾತು ಕೊಟ್ಟಿದ್ದ. ಅಕ್ಕನಿಗೆ ಮೂರನೆಯ ಮಗಳಿರಲಿಲ್ಲ. ಈಗ ಬಿಟ್ಟರೆ ಈ ಜನ್ಮಕ್ಕೆ ಇಲ್ಲ. ಉಳುಕಿದ ಸುದ್ದಿ ಕಲ್ಯಾಣದುರ್ಗ ಮುಟ್ಟಿದರೆ ಜಯಚಂದ್ರ ತೋಳೇರಿಸಿಕೊಂಡು ಬಂದುಬಿಡುತ್ತಾನೆ. ಹಾಗಾಗಿ ಹೆಂಡತಿ ಪದ್ಮಲತಾಳ ಕೈಯನ್ನು ತನ್ನ ತಲೆಯ ಮೇಲಿಟ್ಟು ಆಣೆ ಹಾಕಿಸಿಕೊಂಡು, ಕುಂಟನ್ನು ಹಲ್ಲು ಕಚ್ಚಿ ನುಂಗಿ, ಅವನು ಗುಟ್ಟಾಗಿ ಫಿಜಿಯೋಥೆರಪಿಯ ಡಾಕ್ಟರಮ್ಮನ ಹತ್ತಿರ ಹೋದ.

ಡಾಕ್ಟರಮ್ಮ ಒಂದು ಮಿನಿ ಟ್ರ್ಯಾಂಪೊಲೀನ್ ತರಿಸಿಕೊಳ್ಳಲು ಹೇಳಿದರು. ದೊಡ್ಡ ಜರಡಿಯಂಥ ಕಬ್ಬಿಣದ ಬಳೆ, ನಡುವೆ ಬಿಗಿದ ಕಪ್ಪು ಬಟ್ಟೆ, ಸುತ್ತ ಸ್ಪ್ರಿಂಗು, ಕೆಳಗೆ ಆರು ಕಾಲು. "ಜಿಗೀಬೇಡಿ. ಹಿಮ್ಮಡಿ ಎತ್ತದೆ ಮೆಲ್ಲಗೆ ಮೇಲೆ ಕೆಳಗೆ ತೂಗಿ. ಆಮೇಲೆ ಒಂದೇ ಕಾಲಲ್ಲಿ ನಿಂತ್ಕೊಳ್ಳಿ. ಬಟ್ಟೆ ಅಲುಗಾಡುತ್ತಲ್ಲ, ಬೀಳಬಾರದು ಅಂತ ಹರಡಿನ ಸುತ್ತಲಿನ ಸಣ್ಣಸಣ್ಣ ಸ್ನಾಯುಗಳೆಲ್ಲ ಎದ್ದು ಕೆಲಸ ಮಾಡ್ತವೆ. ನೆಲದ ಪೆಟ್ಟು ಮಾತ್ರ ಕಾಲಿಗೆ ಬೀಳಲ್ಲ" ಎಂದು ವಿವರಿಸಿದರು.

ತಿರುಮಲೇಶ್ ಅದನ್ನು ಮನೆಯ ಮಹಡಿಯ ಮೇಲಿಟ್ಟು, ದಿನವೂ ಬೆಳಗ್ಗೆ ತೂಗಿದ. ಕೆಳಗಿನ ಮನೆಯಲ್ಲಿದ್ದ ಮಾಲೀಕಳು ರಂಗಲಕ್ಷ್ಮಮ್ಮ ವಿಚಾರಿಸಿದಾಗ "ಶುಗರಿಗೆ" ಎಂದ. ಆಕೆ ನಂಬಿದಂತೆಯೇ ತಲೆಯಾಡಿಸಿದಳು. ಕಾಲು ನಿಜಕ್ಕೂ ಗಟ್ಟಿಯಾಗುತ್ತ ಬಂತು. ಕೊನೆಕೊನೆಗೆ ಅವನು ಎಡಗಾಲೊಂದರ ಮೇಲೆ ಕೊಕ್ಕರೆಯಂತೆ ನಿಂತು, ಕೈಯಲ್ಲಿ ಅಕ್ಕಿಮೂಟೆ ಹಿಡಿದು, ಅದನ್ನೇ ತ್ರಿವೇಣಿ ಎಂದುಕೊಂಡು ಕಣ್ಣು ತೇವ ಮಾಡಿಕೊಳ್ಳುವಷ್ಟು ಮುಂದುವರಿದ.

ಮದುವೆಯ ದಿನ ಬಂತು. ಲಗ್ನ ಸಂಜೆ ಗೋಧೂಳಿಗೆ. ಪದ್ಮಲತಾ ಮೊದಲೇ ಹೋಗಿದ್ದಳು. ಮಂಡಿಯ ನೆಪ ಹೇಳಿ ಹಿಂದೆ ಉಳಿದಿದ್ದ ತಿರುಮಲೇಶ್, ಹೊರಡುವ ಮುನ್ನ ಒಮ್ಮೆ ತೂಗೋಣವೆಂದು ಬರಿಗಾಲಲ್ಲಿ ಟ್ರ್ಯಾಂಪೊಲೀನ್ ಹತ್ತಿದ. ಹತ್ತಿದವನು ಡಾಕ್ಟರಮ್ಮನ ಮಾತು ಮರೆತು ಮೊಳದೆತ್ತರ ಜಿಗಿದ.

"ಅಯ್ಯಯ್ಯೋ! ಉರಿ! ಉರಿ!"

ರಂಗಲಕ್ಷ್ಮಮ್ಮ ಮೆಟ್ಟಿಲೇರಿ ಬಂದಳು. "ಏನಪ್ಪ ತಿರುಮಲೇಶಪ್ಪ, ಇವತ್ತು ಭಾರೀ ಜೋರಾಗಿ ಕುಣೀತಿದ್ದೀಯ! ಮದ್ವೆ ಸಂಭ್ರಮಾನಾ?"

"ಇದರ ಮ್ಯಾಲೆ ಏನ್ ಹಾಕಿದ್ರೀ ರಂಗಲಕ್ಷ್ಮಮ್ಮನೋರೇ?"

"ಮೆಣಸಿನಕಾಯಿ ಕಣಪ್ಪ. ದಿನಾ ಮಧ್ಯಾಹ್ನ ನೀನು ಮಂಡಿಗೆ ಹೋದ್ಮ್ಯಾಲೆ ಒಣಗಾಕ್ತಿದ್ದೆ. ತಳದಿಂದ್ಲೂ ಗಾಳಿ ಆಡ್ತದೆ, ನಾಯಿ ಬಾಯಿಗೂ ಸಿಗಲ್ಲ. ನಿನ್ನೆ ಒಂದೀಟು ಇದರ ಮ್ಯಾಲೇ ಕುಟ್ಬುಟ್ಟೆ, ಅಷ್ಟೆ. ನೀನು ಮದ್ವೆ ಮುಗಿಸ್ಕೊಂಡ್ ಬಾ, ಇದನ್ನ ಇಲ್ಲೇ ಬಿಟ್ಟೋಗು. ಇನ್ನೊಂದು ಮೂಟೆ ಐತೆ."

ತಿರುಮಲೇಶ್ ಅದನ್ನು ಬಿಟ್ಟು ಹೋಗುವಂತಿರಲಿಲ್ಲ. ಎತ್ತುವ ಮೊದಲು ಹತ್ತು ನಿಮಿಷ ತೂಗಿ ಕೀಲು ಬೆಚ್ಚಗೆ ಮಾಡಿಕೊಳ್ಳಲೇಬೇಕೆಂದು ಡಾಕ್ಟರಮ್ಮ ಬೇರೆ ಹೇಳಿದ್ದರು. ಕಾಲಿಗೆ ಕೊಬ್ಬರಿ ಎಣ್ಣೆ ಬಳಿದುಕೊಂಡು, ಟ್ರ್ಯಾಂಪೊಲೀನನ್ನು ಹೊದಿಕೆಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು ಅವನು ಬಸ್‌ಸ್ಟ್ಯಾಂಡಿಗೆ ನಡೆದ.

"ಏಮಿ ಸಾರ್ ಇದಿ? ಪೈನ ಪೆಟ್ಟಂಡಿ" ಎಂದು ಕಂಡಕ್ಟರ್ ಬಸ್ಸಿನ ನೆತ್ತಿ ತೋರಿಸಿದ. ತಿರುಮಲೇಶ್ ಒಪ್ಪಲಿಲ್ಲ. ಕಡೆಯ ಸೀಟಿನಲ್ಲಿ ಅದನ್ನು ತಬ್ಬಿಕೊಂಡು ಕೂತ. ಪಕ್ಕದಲ್ಲಿ ಕೂತವನು ಪರಿಗಿಯ ವೆಂಕಟರಮಣಪ್ಪ, ರೇಷ್ಮೆ ಹುಳ ಸಾಕುವವನು. ಅವನು ಹೊದಿಕೆಯ ಅಂಚೆತ್ತಿ ಇಣುಕಿದ, ಬೆರಳಿಂದ ತಟ್ಟಿ ನೋಡಿದ.

"ಹುಳ ಗೂಡು ಕಟ್ಟೋ ಚಂದ್ರಿಕೆ ಅಲ್ವಾ ಸಾಮಿ ಇದು? ರೇಷ್ಮೆ ಆಫೀಸಿನೋರು ಹೊಸ ಮಾಡಲ್ ಬಿಟ್ಟವ್ರಾ? ನಮ್ ಬಿದಿರಿಂದು ಬರೀ ಇಲಿ ಪಾಲು. ಸಬ್ಸಿಡಿ ಐತಾ ಇದಕ್ಕೆ?"

"ಚಂದ್ರಿಕೆ ಅಲ್ಲ ಕಣಣ್ಣ, ಇದು ಕಾಲಿಗೆ..."

"ಯಾರ್ಲಾ ಅದು? ತಿರುಮಲೇಶನಾ? ಕಾಲಿಗೇನಾಯ್ತ್ಲಾ?"

ಮುಂದಿನ ಸೀಟಿನಿಂದ ತಿರುಗಿದ ಮುಖ ನೋಡಿ ಅವನು ಟ್ರ್ಯಾಂಪೊಲೀನನ್ನು ಇನ್ನೂ ಗಟ್ಟಿಯಾಗಿ ತಬ್ಬಿಕೊಂಡ. ಗೋರಂಟ್ಲದ ಪೆದ್ದಕ್ಕ! ಅವರ ಬಳಗಕ್ಕೆಲ್ಲ ಹಿರಿಯಳು, ಕಿವಿ ಮೊಲದ್ದು, ಬಾಯಿ ಡಂಗುರದ್ದು. ಅವಳೂ ಇದೇ ಮದುವೆಗೆ ಹೊರಟಿದ್ದಳು.

"ಕಾಲಿಗೇನೂ ಇಲ್ಲ ಪೆದ್ದಕ್ಕ. ಇದು... ಮದ್ವೆ ಸಾಮಾನು. ತ್ರಿವೇಣಿಗೆ."

"ಹೆಣ್ಣಿಗಾ? ಏನ್ ಮಾಡ್ತಾರೆ ಇದರಾಗೆ? ಕೂತ್ಕತಾರಾ?"

"ಹೂಂ. ಕೂತ್ಕತಾರೆ."

ಒಂದು ಸುಳ್ಳು ಹೇಳಿದರೆ ಸಾಮಾನ್ಯವಾಗಿ ಅದು ಹೇಳಿದ ಜಾಗದಲ್ಲೇ ಬಿದ್ದಿರುತ್ತದೆ. ಈ ಸುಳ್ಳಿಗೆ ಆರು ಕಾಲಿದ್ದವು. ಪೆದ್ದಕ್ಕ ಎದ್ದು ಬಂದು ಅಂಗೈಯಿಂದ ಒತ್ತಿ ನೋಡಿದಳು. "ಅಬ್ಬಾ, ಏನ್ ಮೆತ್ತಗೈತ್ಲಾ! ಬಾಗುಂದಿ, ಬಾಗುಂದಿ" ಎಂದವಳು ಒಮ್ಮೆ ಸೀನಿದಳು. ಸೀನಿದ ಮೇಲೆ ಫೋನ್ ತೆಗೆದಳು. ಬಸ್ಸು ಕಂಬದೂರು ಮುಟ್ಟುವ ಹೊತ್ತಿಗೆ, ಸೋದರಮಾವ ಹೆಣ್ಣನ್ನು ಕೂರಿಸಿ ಹೊರಲು ಹೊಸ ಮಾದರಿಯ ಪೀಠ ತರುತ್ತಿದ್ದಾನೆಂದು ಕಲ್ಯಾಣದುರ್ಗದ ಅಡುಗೆ ಭಟ್ಟರಿಗೂ ತಿಳಿದಿತ್ತು.

ಕಲ್ಯಾಣ ಮಂಟಪದ ಬಾಗಿಲಲ್ಲಿ ಶಿವಲಕ್ಷ್ಮಮ್ಮ ನಿಂತಿದ್ದಳು. "ಬಂದ್ಯೇನೋ ಮಹಾರಾಯ! ಮಂಡಿ ಹುಣ್ಸೆಹಣ್ಣೇ ನಿನ್ನ ಸೊಸೆ ಆಗೋಯ್ತು ನೋಡು" ಎಂದು ಬಯ್ಯುತ್ತಲೇ, ತಮ್ಮನ ಮುಖ ನೋಡುವ ಮೊದಲು ತಮ್ಮನ ತಲೆಯ ಮೇಲಿದ್ದ ಗಂಟು ಇಳಿಸಿಕೊಂಡಳು. ಹೊದಿಕೆ ಬಿಚ್ಚಿ ಕಣ್ಣರಳಿಸಿದಳು. "ಎಂಥ ಬುದ್ಧಿ ಓಡಿಸ್ಬುಟ್ಟೆ ಕಣೋ!"

ಫೋಟೋಗ್ರಾಫರ್ ಸುರೇಂದ್ರ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಸೂಪರ್ ಅಣ್ಣಾ! ಇದಕ್ಕೆ ಮಖಮಲ್ ಹೊದ್ಸಿ, ಚೆಂಡುಹೂವು ಸುತ್ತಿ, ನಾಲ್ಕು ಜನ ಹೆಗಲ ಮ್ಯಾಲೆ ಎತ್ಕೊಂಡ್ ಬಂದ್ರೆ ಪಲ್ಲಕ್ಕಿ ಇದ್ದಂಗಿರುತ್ತೆ. ನಾಕೂ ಜನ ಒಂದೇ ಎತ್ತರ ಇರ್ಬೇಕು ಅಷ್ಟೆ."

"ನಾಲ್ಕು ಜನ ಯಾತಕ್ಕೆ? ಎತ್ತೋದು ನಾನು! ಸೋದರಮಾವ ನಾನು!" ತಿರುಮಲೇಶನ ದನಿ ಅವನಿಗೇ ಕೀರಲೆನಿಸಿತು.

"ಪೀಠ ನೀನೇ ತಂದಿದ್ದೀಯಲ್ಲಾ, ಅದೇ ಎತ್ತಿದಂಗೆ" ಎಂದು ಪೆದ್ದಕ್ಕ ತೀರ್ಪು ಕೊಟ್ಟಳು. ಅಷ್ಟರಲ್ಲಿ ಜಯಚಂದ್ರ ಬಂದ. ಅವನ ಅಂಗಿಯ ಗುಂಡಿಗಳು ಎದೆಯ ಮೇಲೆ ಪ್ರಾಣ ಕೈಯಲ್ಲಿ ಹಿಡಿದಿದ್ದವು. "ಅಣ್ಣಾ, ನೀನು ಸುಮ್ನಿರು. ವಯಸ್ಸಾಯ್ತು. ನಾನು ಮುಂದಿನ ಕಡೆ ಹಿಡ್ಕತೀನಿ" ಎಂದು ನಕ್ಕ.

ತಿರುಮಲೇಶ್ ಹಟ ಬಿಡಲಿಲ್ಲ. ಕಡೆಗೆ ಪರೀಕ್ಷೆಗೆಂದು ಪೀಠದ ಮೇಲೆ ಅಕ್ಕಿಮೂಟೆ ಇಟ್ಟು, ನಾಲ್ಕನೆಯವನಾಗಿ ಅವನನ್ನೂ ನಿಲ್ಲಿಸಿದರು. ಉಳಿದ ಮೂವರು ತೆಂಗಿನ ಮರಗಳು, ಇವನು ಗುಂಡಗಿನ ಕಲ್ಲು. ಎತ್ತಿದೊಡನೆ ಮೂಟೆ ಜಾರುಬಂಡೆಯಲ್ಲಿ ಬಂದಂತೆ ಬಂದು ಅವನ ನೆತ್ತಿಗೆ ಗುದ್ದಿತು.

"ಇದು ಮೂಟೆ, ಹೋಗ್ಲಿ. ಹೆಣ್ಣು ಜಾರಿದ್ರೆ?" ಎಂದಳು ಅಕ್ಕ. ತಿರುಮಲೇಶನ ಜಾಗಕ್ಕೆ ಜಯಚಂದ್ರನ ಜೆಸಿಬಿ ಡ್ರೈವರ್ ಬಂದ.

ಆದರೂ ಆಸೆ ಕೆಟ್ಟದ್ದು. ಎತ್ತುವ ಗಳಿಗೆ ಬಂದರೂ ಬಂದೀತು, ಕೀಲು ಬೆಚ್ಚಗಿರಲಿ ಎಂದುಕೊಂಡು ಮಧ್ಯಾಹ್ನ ಅವನು ಕಳ್ಳನಂತೆ ಹೂವಿನ ಕೋಣೆಗೆ ನುಗ್ಗಿದ. ಮಖಮಲ್ ಹೊದ್ದು, ಜರಿ ಅಂಚು ಕಟ್ಟಿಸಿಕೊಂಡು ಟ್ರ್ಯಾಂಪೊಲೀನ್ ಅವನಿಗಿಂತ ಚೆನ್ನಾಗಿ ಸಿಂಗರಿಸಿಕೊಂಡು ಕೂತಿತ್ತು. ಒಂದು ಕಾಲೆತ್ತಿ ಇಡುವಷ್ಟರಲ್ಲಿ ಪದ್ಮಲತಾ ಒಳಬಂದಳು.

"ಏನ್ರೀ ಇದು! ಹೆಣ್ಣು ಕೂರೋ ಜಾಗ, ಅದರ ಮ್ಯಾಲೆ ಕಾಲಿಡ್ತೀರಾ? ನಡೀರಿ ಈಚೆಗೆ. ಯಾರಾನಾ ನೋಡಿದ್ರೆ ನನ್ ಮಾನ ಹೋಯ್ತದೆ."

ಗೋಧೂಳಿ ಸಮೀಪಿಸಿತು. ಕರೆಂಟು ಬಂದು ಹೋಗಿ ಆಡುತ್ತಿತ್ತು. ಸುರೇಂದ್ರನ ಸಹಾಯಕ ಊಟಕ್ಕೆ ಕೂತವನು ಏಳಲಿಲ್ಲ. ಸುರೇಂದ್ರ ಸುತ್ತಲೂ ನೋಡಿ, ಕೈ ಖಾಲಿಯಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ಕಂಡ. "ಅಣ್ಣಾ, ಈ ಲೈಟ್ ಒಂಚೂರು ಹಿಡ್ಕಳ್ಳಿ. ಬ್ಯಾಟರೀದು, ಕರೆಂಟ್ ಹೋದ್ರೂ ಇದು ಹೋಗಲ್ಲ. ನನ್ ಪಕ್ಕದಾಗೇ ಹಿಂದಿಂದಕ್ಕೆ ನಡ್ಕೊಂಡ್ ಬನ್ನಿ, ಫೋಟೋದಾಗೆ ಮಾತ್ರ ಬರ್ಬೇಡಿ."

ನಾದಸ್ವರ ಮೊಳಗಿತು. ನಾಲ್ವರ ಹೆಗಲ ಮೇಲೆ ತ್ರಿವೇಣಿ ಹೊರಬಂದಳು. ಒಂದೊಂದು ಹೆಜ್ಜೆಗೂ ಪೀಠ ಮೆಲ್ಲಗೆ ಕುಪ್ಪಳಿಸುತ್ತಿತ್ತು, ಅವಳ ಬಾಸಿಂಗ ತಲೆದೂಗುತ್ತಿತ್ತು. ಜನ ಆಹಾ ಎಂದರು. ತಿರುಮಲೇಶ್ ಲೈಟು ಹಿಡಿದು ಹಿಂದುಹಿಂದಕ್ಕೆ ನಡೆದ. ತ್ರಿವೇಣಿ ಬೆಳಕಿನ ಹಿಂದೆ ಕಣ್ಣು ಕಿರಿದು ಮಾಡಿ ಅವನನ್ನು ಹುಡುಕಿದಳು. ಸಿಕ್ಕಿದ ಮೇಲೆ, ನೀನಲ್ಲವೇ ಮಾವ ಎನ್ನುವಂತೆ ಹುಬ್ಬೆತ್ತಿದಳು. ಅವನಿಗೆ ದುಃಖ ಉಕ್ಕಿ ಬಂತು. ಲೈಟು ಹಿಡಿದ ಕೈಯಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಮಂಟಪ ಇನ್ನು ನಾಲ್ಕಾರು ಹೆಜ್ಜೆ ಇತ್ತು. ಅಷ್ಟು ದೂರದ ಕುಪ್ಪಳಿಕೆಗೆ ರಂಗಲಕ್ಷ್ಮಮ್ಮನ ಮೆಣಸಿನಪುಡಿ ಬಟ್ಟೆಯ ನೇಯ್ಗೆಯಿಂದ ಎದ್ದಿತ್ತು. ಮೊದಲು ತ್ರಿವೇಣಿ ಸೀನಿದಳು. ಅವಳು ಸೀನಿದ ಹೊಡೆತಕ್ಕೆ ಬಟ್ಟೆ ಒದರಿತು. ಉಳಿದ ಪುಡಿಯೆಲ್ಲ ಕೆಳಗಿದ್ದವರ ತಲೆಯ ಮೇಲೆ ಅಕ್ಷತೆಯಂತೆ ಸುರಿಯಿತು. "ಆಕ್ಷೀ!" ಎಂದ ಜಯಚಂದ್ರ. ಹಿಂದಿನವನು ಅದಕ್ಕೆ ಉತ್ತರ ಕೊಟ್ಟ. ನಾಲ್ವರೂ ಕಣ್ಣು ಮುಚ್ಚಿ, ಮೂಗು ಸುರಿಸುತ್ತ, ಪೀಠವನ್ನು ಅಲ್ಲೇ ಧೊಪ್ಪನೆ ಇಳಿಸಿ ಕಣ್ಣುಜ್ಜಿಕೊಳ್ಳತೊಡಗಿದರು. ಉಜ್ಜಿದಷ್ಟೂ ಉರಿ ಹೆಚ್ಚಿತು.

"ಕಾಲು ನೆಲಕ್ಕೆ ತಾಗ್ಬಾರ್ದು! ಲಗ್ನ ಮೀರ್ತದೆ! ಸೋದರಮಾವ ಎಲ್ಲಿ, ಎತ್ಕೊಂಡ್ ಬನ್ನಿ!" ಎಂದು ಪುರೋಹಿತರು ಮಂಟಪದಿಂದ ಕೂಗಿದರು. ಅದೇ ಗಳಿಗೆಗೆ ಕರೆಂಟು ಹೋಯಿತು.

ತಿರುಮಲೇಶ್ ಯೋಚಿಸಲಿಲ್ಲ. ಲೈಟನ್ನು ನೆಲದ ಮೇಲಿಟ್ಟ, ಮುಂದೆ ಹೋಗಿ ತ್ರಿವೇಣಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡ. ಎಡಗಾಲು ಮುಂದಿಟ್ಟ. ಹರಡು ಅಲುಗಲಿಲ್ಲ. ಕಲ್ಲುಕಂಬದಂತೆ ನಿಂತಿತು! ಮಹಡಿಯ ಮೇಲೆ ತೂಗಿದ ಅಷ್ಟೂ ಬೆಳಗುಗಳು ಬಂದು ಆ ಕೀಲಿನ ಸುತ್ತ ಕೈಹಿಡಿದು ನಿಂತಂತೆ ಅವನಿಗೆ ಅನ್ನಿಸಿತು. ಅಷ್ಟು ಸಂತೋಷ ಅವನಿಗೆ ತನ್ನ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ.

ಕತ್ತಲಲ್ಲಿ ತ್ರಿವೇಣಿ ಅವನ ಕಿವಿಯಲ್ಲಿ ಕೇಳಿದಳು, "ಕಾಲು ವಾಸಿ ಆಯ್ತಾ ಮಾವ?"

"ನಿಂಗ್ಯಾರೇ ಹೇಳಿದ್ದು?"

"ರಂಗಲಕ್ಷ್ಮಮ್ಮ ಅವತ್ತೇ ಅಮ್ಮಂಗೆ ಫೋನ್ ಮಾಡಿ ಹೇಳಿದ್ಳಲ್ಲ."

ತಿರುಮಲೇಶ್ ಆ ಮಾತಿಗೆ ತತ್ತರಿಸಿದ. ಕಾಲು ಮಾತ್ರ ತತ್ತರಿಸಲಿಲ್ಲ. ಮೆಟ್ಟಿಲೇರಿ ಅವಳನ್ನು ಹಸೆಮಣೆಯ ಮೇಲೆ ಇಳಿಸಿದ. ಅಷ್ಟರಲ್ಲಿ ಸುರೇಂದ್ರ "ಲೈಟು! ಲೈಟಣ್ಣಾ! ಎಲ್ಲೋದ್ರಿ?" ಎಂದು ಬೊಬ್ಬೆ ಹಾಕತೊಡಗಿದ. ಅಭ್ಯಾಸಬಲದಿಂದ ಗುಮಾಸ್ತನ ಕಾಲು ಓಡಿತು. ಜನರೇಟರ್ ಶುರುವಾಗಿ ದೀಪ ಹತ್ತಿದಾಗ ಹೆಣ್ಣು ಹಸೆಮಣೆಯ ಮೇಲಿದ್ದಳು, ತಿರುಮಲೇಶ್ ಕ್ಯಾಮೆರಾದ ಹಿಂದೆ ಲೈಟು ಹಿಡಿದು ನಿಂತಿದ್ದ, ಜಯಚಂದ್ರ ಮಂಟಪದ ಮೆಟ್ಟಿಲಿಗೆ ಒರಗಿ ಕೆಂಪು ಕಣ್ಣು ಬಿಡುತ್ತಿದ್ದ.

ಮಾಂಗಲ್ಯಧಾರಣೆ, ಊಟ, ಆಶೀರ್ವಾದದ ಸಾಲು, ಎಲ್ಲ ಮುಗಿಯುವವರೆಗೂ ಅವನು ಲೈಟು ಹಿಡಿದು ನಿಂತೇ ಇದ್ದ. ಪರವಾಗಿಲ್ಲ, ಸುರೇಂದ್ರ ಹೇಗೂ ತೆಗೆದಿರುತ್ತಾನೆ ಎಂಬ ಧೈರ್ಯ ಅವನಿಗೆ. ಕಡೆಗೆ ಸುರೇಂದ್ರ ಲ್ಯಾಪ್‌ಟಾಪ್ ತೆರೆದಾಗ ಬಳಗವೆಲ್ಲ ಸುತ್ತ ಸೇರಿತು.

"ಎತ್ತಿದ್ದು ಒಂದೇ ಒಂದು ಸಿಕ್ಕೈತೆ ನೋಡಿ. ಕತ್ಲಲ್ಲಿ ಅಂದಾಜಿಗೆ ಕ್ಲಿಕ್ ಮಾಡ್ದೆ."

ಪರದೆಯ ಮುಕ್ಕಾಲು ಭಾಗ ಕಾಡಿಗೆಗತ್ತಲು. ನೆಲದ ಮೇಲೆ ಬಿದ್ದಿದ್ದ ಲೈಟಿನ ಬೆಳಕಿನಲ್ಲಿ, ಹೆಣ್ಣಿನ ಸೀರೆಯ ನೆರಿಗೆಯ ಕೆಳಗೆ, ಹಸಿರಂಚಿನ ಪಂಚೆಯಿಂದ ಹೊರಬಂದ ಒಂದು ಎಡಗಾಲು. ಹರಡಿನ ಎಲುಬು, ನರ, ಬಿಗಿದ ಸ್ನಾಯು, ಒಂದೊಂದೂ ಶಿಲ್ಪಿ ಕಡೆದಂತೆ ಎದ್ದು ಕಾಣುತ್ತಿದ್ದವು. ಹಸಿರಂಚಿನ ಪಂಚೆಯನ್ನು ಶಿವಲಕ್ಷ್ಮಮ್ಮ ಅಂದು ಬಳಗದ ಗಂಡಸರಿಗೆಲ್ಲ ಉಡಿಸಿದ್ದಳು.

"ಆಹಾ, ಎಂಥ ಕಾಲ್ಲಾ! ಜಯಚಂದ್ರಂದೇ, ಅನುಮಾನಾನೇ ಇಲ್ಲ" ಎಂದಳು ಪೆದ್ದಕ್ಕ.

"ನಂದು! ಅದು ನನ್ ಕಾಲು!" ಎಂದ ತಿರುಮಲೇಶ್.

ಎಲ್ಲರೂ ನಕ್ಕರು. ಶಿವಲಕ್ಷ್ಮಮ್ಮ ನಗಲಿಲ್ಲ. ತಮ್ಮನ ಬೆನ್ನು ಸವರಿದಳು. "ನೊಂದ್ಕಬ್ಯಾಡ ಕಣೋ. ನಿನ್ ಕಾಲು ಉಳುಕಿರೋದು ನಂಗ್ ಗೊತ್ತು. ಎತ್ತಬ್ಯಾಡ ಅಂದ್ರೆ ನೀನು ಬೇಜಾರಾಯ್ತೀಯ ಅಂತ ಬಾಯಿ ಬಿಡ್ಲಿಲ್ಲ. ನೀನೇ ಪೀಠ ತತ್ತಾ ಇದ್ದೀಯ ಅಂತ ಪೆದ್ದಕ್ಕ ಹೇಳಿದ್ಮ್ಯಾಲೆ, ಸದ್ಯ ದೇವರು ದಾರಿ ತೋರಿಸ್ದ ಅಂದ್ಕೊಂಡೆ. ಉಳುಕಿದ ಕಾಲು ಹಿಂಗಿರುತ್ತೇನೋ?"

ಜಯಚಂದ್ರ ಇನ್ನೂ ಮೂಗು ಒರೆಸಿಕೊಳ್ಳುತ್ತಿದ್ದ. ಫೋಟೋ ನೋಡಿದ, ಬಳಗದ ಮುಖ ನೋಡಿದ, ಒಂದು ಕ್ಷಣ ತಲೆ ಕೆರೆದುಕೊಂಡ. "ಸೀನೋದ್ರಾಗೆ ಒಂದೂ ಗೊತ್ತಾಗ್ಲಿಲ್ಲ ಕಣಕ್ಕ. ನಂದೇ ಇರ್ಬೇಕು" ಎಂದ.

ತಿರುಮಲೇಶನ ಪಿತ್ತ ನೆತ್ತಿಗೇರಿತು. ಪಂಚೆ ಮೇಲೆತ್ತಿ, ಎಡಗಾಲನ್ನು ತೆಗೆದು ಲ್ಯಾಪ್‌ಟಾಪಿನ ಪಕ್ಕದ ಕುರ್ಚಿಯ ಮೇಲೆ ಇಟ್ಟ. "ನೋಡ್ರಿ! ಎರಡೂ ಪಕ್ಕಪಕ್ಕದಾಗೆ ನೋಡ್ರಿ!"

ಬಳಗವೆಲ್ಲ ಬಗ್ಗಿ ನೋಡಿತು. ಅವನೂ ನೋಡಿದ. ಬೆಚ್ಚಗೆ ಮಾಡಿಕೊಳ್ಳದೆ ಭಾರ ಎತ್ತಿ, ಆಮೇಲೆ ಅಷ್ಟು ಹೊತ್ತು ಲೈಟು ಹಿಡಿದು ನಿಂತ ಕಾಲು ಊದಿಕೊಂಡು ಕುಳಿತಿತ್ತು. ಹರಡು ಎಲ್ಲಿದೆ ಎಂದು ಹುಡುಕಬೇಕಿತ್ತು.

"ಇದು ಕಾಲೇನ್ಲಾ? ಒಳ್ಳೇ ಸಿಹಿಗೆಣಸು ಇದ್ದಂಗೈತೆ" ಎಂದಳು ಪೆದ್ದಕ್ಕ.

ಈಗ ನೋವೂ ಗೊತ್ತಾಗತೊಡಗಿತು. ತಿರುಮಲೇಶ್ ಗೋಡೆ ಹಿಡಿದುಕೊಂಡು ಹೆಂಡತಿಯನ್ನು ಕೂಗಿದ. "ಪದ್ಮಾ, ನನ್ ಟ್ರ್ಯಾಂಪೊಲೀನ್ ಎಲ್ಲಿ?"

"ಸೋದರಮಾವನ ಉಡುಗೊರೆ ಅಂತ ಗಂಡಿನ ಕಡೆಯೋರು ಕಾರಿನ ಮ್ಯಾಲೆ ಕಟ್ಟಿದ್ರಲ್ಲ" ಎಂದಳು ಪದ್ಮಲತಾ.

ಹೊರಗೆ ಕಾರು ಹೊರಟಿತು. ಬಳಗವೆಲ್ಲ ಬಾಗಿಲಿಗೆ ಓಡಿತು. ತಿರುಮಲೇಶ್ ಒಂಟಿಕಾಲಲ್ಲಿ ಕುಪ್ಪಳಿಸುತ್ತ, ಗೋಡೆ ತಡವಿಕೊಂಡು ಎಲ್ಲರ ಹಿಂದೆ ಹೋಗಿ ನಿಂತ. ಕಿಟಕಿಯಿಂದ ತ್ರಿವೇಣಿ ತಲೆ ಹೊರಹಾಕಿದಳು. ಅತ್ತು ಊದಿದ ಅವಳ ಕಣ್ಣು ಗುಂಪನ್ನೆಲ್ಲ ದಾಟಿ ನೇರ ಅವನ ಮೇಲೆ ಬಂದು ನಿಂತಿತು.

"ಮಾವಾ! ಚೆನ್ನಾಗಿ ಎತ್ಕೊಂಡ್ ಬಂದೆ ಮಾವಾ! ಒಂಚೂರೂ ಕುಲುಕ್ಲಿಲ್ಲ!"

ತಿರುಮಲೇಶ್ ಕೈಯೆತ್ತಿ ಬೀಸಬೇಕೆಂದ. ಎರಡೂ ಕೈ ಗೋಡೆ ಹಿಡಿದಿದ್ದವು, ಬಿಟ್ಟರೆ ಬೀಳುತ್ತಿದ್ದ. ಅವನ ಮುಂದೆ ನಿಂತಿದ್ದ ಜಯಚಂದ್ರ ಎರಡೂ ಕೈ ಮೇಲೆತ್ತಿ ಬೀಸಿದ. "ಹೋಗ್ ಬಾರಮ್ಮಾ!" ಎಂದು ಕೂಗಿದ. ಬಳಗ ಚಪ್ಪಾಳೆ ತಟ್ಟಿತು.

"ಅಣ್ಣಾ, ಅಂಗೇ ಇರಿ, ಅಂಗೇ ಇರಿ" ಎಂದು ಸುರೇಂದ್ರ ಜಯಚಂದ್ರನ ಮುಂದೆ ಮಂಡಿಯೂರಿ ಕ್ಯಾಮೆರಾ ಎತ್ತಿದ. ಆಮೇಲೆ ಹಿಂದಕ್ಕೆ ಇಣುಕಿ, "ಲೈಟಣ್ಣಾ, ಒಂಚೂರು ಈ ಕಡೆ ಬರ್ತೀರಾ?" ಎಂದ.